ನಿತ್ಯಪುಷ್ಪದ ಪರಾಗನಳಿಕೆ ತುದಿಯಲ್ಲೇ ಒಡೆಯುತ್ತಿದೆ: ಸಕ್ಕರೆ ಹೆಚ್ಚಿಸಬೇಕೇ?

ಪ್ರಶ್ನೆ
ಬಿ.ಎಸ್ಸಿ. ಪ್ರಾಯೋಗಿಕ ತರಗತಿಗೆ ನಿತ್ಯಪುಷ್ಪದ ಪರಾಗವನ್ನು ಸ್ಲೈಡ್ ಮೇಲೆ ಮೊಳೆಯಿಸುತ್ತಿದ್ದೇವೆ. 10% ಸುಕ್ರೋಸ್ (ಸಕ್ಕರೆ), ಲೀಟರಿಗೆ 100 ಮಿ.ಗ್ರಾಂ ಬೋರಿಕ್ ಆಮ್ಲ, ಅಷ್ಟೇ ಹಾಕಿರುವುದು. ಪರಾಗರೇಣುವಿನಿಂದ ನಳಿಕೆ ಹೊರಡುತ್ತದೆ, ಸ್ವಲ್ಪ ಉದ್ದವಾಗುತ್ತಲೇ ತುದಿ ಒಡೆದು ಒಳಗಿನದೆಲ್ಲ ಚೆಲ್ಲುತ್ತದೆ. ರೇಣು ದಟ್ಟವಾಗಿ ಬಿದ್ದ ಕಡೆ ಮಾತ್ರ ಚೆನ್ನಾಗಿ ಬೆಳೆಯುತ್ತದೆ. ಏನು ತಪ್ಪಾಗಿದೆ?

ಉತ್ತರ 1
ಸಕ್ಕರೆ ಮುಟ್ಟಬೇಡಿ. ಸುಳಿವು ನಿಮ್ಮ ಕೊನೆಯ ಮಾತಿನಲ್ಲೇ ಇದೆ. ರೇಣುಗಳು ಗುಂಪಾಗಿದ್ದರೆ ಅವುಗಳಿಂದ ಸೋರುವ ಕ್ಯಾಲ್ಸಿಯಂ ಪರಸ್ಪರ ಒದಗುತ್ತದೆ, ಬಿಡಿಯಾಗಿದ್ದರೆ ಇಲ್ಲ. ಬ್ರೂಬೇಕರ್ ಮತ್ತು ಕ್ವಾಕ್ ಎಂಬ ವಿಜ್ಞಾನಿಗಳು 1963ರಲ್ಲಿ ತೋರಿಸಿದ್ದು ಇದನ್ನೇ. ಅವರ ಮಾಧ್ಯಮದಲ್ಲಿ (ಪರಾಗ ಮೊಳೆಯಿಸುವ ದ್ರಾವಣದಲ್ಲಿ), ನೀವು ಹಾಕಿರುವುದರ ಜೊತೆಗೆ, ಲೀಟರಿಗೆ ಕ್ಯಾಲ್ಸಿಯಂ ನೈಟ್ರೇಟ್ 300 ಮಿ.ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 200, ಪೊಟ್ಯಾಸಿಯಂ ನೈಟ್ರೇಟ್ 100 ಇರುತ್ತವೆ.

100 ಮಿ.ಲೀ. ಮಾಧ್ಯಮಕ್ಕೆ ಬೇಕಾದ 10-30 ಮಿ.ಗ್ರಾಂ ತೂಗಲು ಹೋಗಬೇಡಿ, ಸಾಮಾನ್ಯ ತಕ್ಕಡಿಯಲ್ಲಿ ಸರಿಬರುವುದಿಲ್ಲ. 100 ಮಿ.ಲೀ. ನೀರಿಗೆ 3 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಸ್ಟಾಕ್ (ಗಾಢ ದ್ರಾವಣ) ಮಾಡಿ, 100 ಮಿ.ಲೀ. ಮಾಧ್ಯಮಕ್ಕೆ ಅದರಲ್ಲಿ 1 ಮಿ.ಲೀ. ಹಾಕಿ. ಉಳಿದವಕ್ಕೂ ಇದೇ ಲೆಕ್ಕ. ಭಟ್ಟಿ ಇಳಿಸಿದ ನೀರನ್ನೇ ಬಳಸಿ. ನಲ್ಲಿ ನೀರಿನಲ್ಲಿ ಎಷ್ಟು ಕ್ಯಾಲ್ಸಿಯಂ ಇದೆಯೋ ಗೊತ್ತಾಗುವುದಿಲ್ಲ, ಹೋಲಿಕೆಯೇ ಕೆಡುತ್ತದೆ.

ಉತ್ತರ 2
ಒಡೆಯುವುದು ತುದಿಯೇ ಏಕೆ ಎಂಬುದನ್ನೂ ಮಕ್ಕಳಿಗೆ ಹೇಳಿ. ನಳಿಕೆ ಉದ್ದವಾಗುವುದು ತುದಿಯಲ್ಲಿ ಮಾತ್ರ. ಆ್ಯಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಮೇಲೆ ಸಾಗಿಬರುವ ಪುಟ್ಟ ಕೋಶಿಕೆಗಳು (ಪೊರೆಯ ಚೀಲಗಳು) ಅಲ್ಲಿ ಪೊರೆಗೆ ಬೆಸೆದುಕೊಂಡು, ಮೀಥೈಲ್ ಗುಂಪು ಹೊತ್ತ ಮೆತ್ತನೆಯ ಪೆಕ್ಟಿನ್ ಎಂಬ ಗೋಡೆಯ ವಸ್ತುವನ್ನು ಸುರಿಯುತ್ತವೆ. ಪೆಕ್ಟಿನ್ ಮೀಥೈಲ್‌ಎಸ್ಟರೇಸ್ ಕಿಣ್ವ ಆ ಗುಂಪುಗಳನ್ನು ಕಿತ್ತ ಮೇಲೆ ಕ್ಯಾಲ್ಸಿಯಂ ಪೆಕ್ಟಿನ್ ಎಳೆಗಳನ್ನು ಹೆಣೆಯುತ್ತದೆ, ಗೋಡೆ ಗಟ್ಟಿಯಾಗುತ್ತದೆ. ಬೋರಾನ್ ಕೂಡ ಪೆಕ್ಟಿನ್ನಿನ ಒಂದು ಬಗೆಯನ್ನು ಹೀಗೆಯೇ ಕೊಂಡಿ ಹಾಕಿ ಹಿಡಿಯುತ್ತದೆ. ಒಳಗಿನ ನೀರಿನ ಒತ್ತಡ ದೂಡುತ್ತಲೇ ಇರುತ್ತದೆ. ಹೆಣಿಗೆ ಸಡಿಲವಾದರೆ ತುದಿ ಬಿರಿಯುತ್ತದೆ, ತೀರಾ ಬಿಗಿಯಾದರೆ ಬೆಳವಣಿಗೆ ನಿಲ್ಲುತ್ತದೆ. ಹಾಗಾಗಿ ಕ್ಯಾಲ್ಸಿಯಂ ಅತಿಯಾದರೂ ನಳಿಕೆ ಮೊಂಡಾಗುತ್ತದೆ.

ನಳಿಕೆಯ ಒಳಗಿನ ಕ್ಯಾಲ್ಸಿಯಂನದು ಬೇರೆಯೇ ಕೆಲಸ. ಅದು ತುದಿಯಲ್ಲಿ ಹೆಚ್ಚಿದ್ದು, ಹಿಂದೆ ಸರಿದಂತೆ ಥಟ್ಟನೆ ಇಳಿಯುತ್ತದೆ. ಈ ಏರಿಳಿತ ಅಳಿಸಿಹೋದರೆ ಬೆಳವಣಿಗೆ ನಿಲ್ಲುತ್ತದೆ. ಬೆಳೆಯುವ ಜಾಗವನ್ನು ತುದಿಗೇ ಸೀಮಿತಗೊಳಿಸುವುದು ಆರ್‌ಓಪಿ ಎಂಬ ಪ್ರೋಟೀನುಗಳು. ಪ್ರಯೋಗಗಳಲ್ಲಿ ಬಳಸುವ ಪುಟ್ಟ ಗಿಡ ಅರಬಿಡಾಪ್ಸಿಸ್‌ನಲ್ಲಿ ಆರ್‌ಓಪಿ1 ಸದಾ ಚಾಲೂ ಇದ್ದರೆ ನಳಿಕೆ ಉದ್ದವಾಗುವ ಬದಲು ಬುಗ್ಗೆಯಂತೆ ಊದಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು
ಧನ್ಯವಾದ. ಎಲ್ಲ ಲವಣಗಳನ್ನೂ ಒಂದೇ ಸ್ಟಾಕ್‌ನಲ್ಲಿ ಹಾಕಿದೆವು, ಹಾಲಿನಂತೆ ಬಿಳಿಚಿತು. ಸೋಸಿ ಬಳಸಬಹುದೇ?

ಉತ್ತರ 1
ಬೇಡ, ಚೆಲ್ಲಿಬಿಡಿ. ತಳಕ್ಕೆ ಕೂತದ್ದು ಕ್ಯಾಲ್ಸಿಯಂ ಸಲ್ಫೇಟ್. ಸೋಸಿದರೆ ನಿಮಗೆ ಬೇಕಾದ ಕ್ಯಾಲ್ಸಿಯಮ್ಮೇ ಹೋಗುತ್ತದೆ. ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಮೆಗ್ನೀಸಿಯಂ ಸಲ್ಫೇಟ್ ಬೇರೆ ಬೇರೆ ಬಾಟಲಿಯಲ್ಲಿರಲಿ. ಮಾಧ್ಯಮದಷ್ಟು ತೆಳುವಾದಾಗ ಕೂಡಿಸಿದರೆ ತೊಂದರೆಯಿಲ್ಲ. ಕ್ಯಾಲ್ಸಿಯಂ ನೈಟ್ರೇಟ್ ಗಾಳಿಯ ತೇವ ಹೀರಿ ನೀರಾಗುವ ಲವಣ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ.

ಉತ್ತರ 3
ಸ್ಲೈಡನ್ನು ಒದ್ದೆ ಫಿಲ್ಟರ್ ಕಾಗದ ಹಾಸಿದ ಪೆಟ್ರಿ ತಟ್ಟೆಯೊಳಗೆ ಮುಚ್ಚಿಡಿ. ತೆರೆದಿಟ್ಟರೆ ಹನಿ ಆರಿ ಸಕ್ಕರೆ ಮಂದವಾಗುತ್ತದೆ, ಅಂಚಿನ ನಳಿಕೆಗಳು ಮೊದಲು ನಿಲ್ಲುತ್ತವೆ. ಎಣಿಸುವಾಗ ರೇಣುವಿನ ವ್ಯಾಸಕ್ಕಿಂತ ಉದ್ದ ನಳಿಕೆ ಇದ್ದರಷ್ಟೇ ಮೊಳೆತಿದೆ ಎನ್ನಿ. ಒಡೆದವನ್ನು ಪ್ರತ್ಯೇಕ ಬರೆದುಕೊಳ್ಳಿ. ಕ್ಯಾಲ್ಸಿಯಂ ಇರುವ ಹನಿ, ಇಲ್ಲದ ಹನಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಮಕ್ಕಳಿಗೇ ಕಾಣುತ್ತದೆ.