ಲಡಾಖ್‌ಗೆ ಹೊರಟೋರು ಡಾಕ್ಟ್ರನ್ನ ಕೇಳಿ

ಅಡ್ಮಿನ್: ಹಾಸನದ ನಮ್ಮ ಫಿಜಿಷಿಯನ್ ಡಾಕ್ಟ್ರು ರಾತ್ರಿ 8ರಿಂದ ಗ್ರೂಪಲ್ಲಿ ಇರ್ತಾರೆ. ಎತ್ತರದ ಜಾಗ, ಉಸಿರಾಟ, ಮಾತ್ರೆ ಬಗ್ಗೆ ಮಾತ್ರ ಕೇಳಿ.

ಮೂಡಿಗೆರೆ ತೋಟ: ನಮಸ್ಕಾರ ಸಾರ್. ಮದ್ವೆ ಆದಾಗಿಂದ ಹೋಗೋಣ ಹೋಗೋಣ ಅಂತ 27 ವರ್ಷ ಆಯ್ತು, ಒಂದ್ಸಲ ಕಾಫಿ ಕುಯ್ಲು, ಒಂದ್ಸಲ ಮಗಳ ಓದು, ಈ ಸೆಪ್ಟೆಂಬರ್‌ಗೆ ಗ್ಯಾರಂಟಿ. ನಂಗೆ 56, ಏನೂ ಕಾಯ್ಲೆ ಇಲ್ಲ, ಮನೆಯವ್ಳಿಗೆ 51, ಥೈರಾಯ್ಡ್ ಮಾತ್ರೆ ಇದೆ. ನಮ್ದೇ ಕಾರು. ಮನಾಲಿ ಬೆಳಿಗ್ಗೆ ಬಿಟ್ಟು ರಾತ್ರಿ ಸರ್ಚುವಲ್ಲಿ ಟೆಂಟು, ಮಾರನೇ ದಿನ ಲೇಹ್, ಅದರ ಮಾರನೇ ದಿನ ಪ್ಯಾಂಗಾಂಗ್. ಹೋದ್ವರ್ಷ ಕೇದಾರನಾಥದಲ್ಲಿ ಎರಡ್ನೇ ರಾತ್ರಿ ನಂಗೆ ಶೀತ ಆಗಿ ಕೆಮ್ಮು, ಮಲಗೋಕಾಗದೆ ಗೋಡೆಗೆ ಒರಗಿ ಕೂತಿದ್ದೆ, ಗೌರಿಕುಂಡಕ್ಕೆ ಇಳಿದ್ಮೇಲೆ ಸರಿಹೋಯ್ತು. ಇವಳ ಥೈರಾಯ್ಡ್‌ಗೆ ತೊಂದ್ರೆ ಆಗುತ್ತಾ?

ಹಾಸನ ಬುಲೆಟ್: ಎತ್ತರದ ಕಾಯ್ಲೆ ಬರದ ಹಾಗೆ ತಗೊಳ್ಳೋ ಡೈಮಾಕ್ಸ್ ಮಾತ್ರೆ ಎಷ್ಟು ತಗೋಬೇಕು ಸಾರ್?

ಡಾಕ್ಟ್ರು: ಸಾಮಾನ್ಯವಾಗಿ 125 ಎಂಜಿ, ದಿನಕ್ಕೆ ಎರಡು ಸಲ, ಹತ್ತೋ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ, ಕಿಡ್ನಿ ತೊಂದ್ರೆ ಇರೋರು ನಿಮ್ಮ ಡಾಕ್ಟ್ರನ್ನ ಕೇಳದೆ ಮುಟ್ಬೇಡಿ. ಬೆರಳು ಜುಮ್ ಅನ್ನುತ್ತೆ, ಪದೇಪದೇ ಒಂದಕ್ಕೆ ಹೋಗ್ಬೇಕಾಗುತ್ತೆ, ಗಾಬರಿ ಬೇಡ.

ಅರಸೀಕೆರೆ ಅಂಕಲ್: ಬಂದಿದ್ದನ್ನ ಹಾಗೇ ಕಳಿಸ್ತಿದೀನಿ. ಪಚ್ಚಕರ್ಪೂರ ಬಟ್ಟೇಲಿ ಕಟ್ಟಿ ಮೂಸ್ತಾ ಇದ್ರೆ ಆಕ್ಸಿಜನ್ ಏರುತ್ತೆ, ಚೂರು ನುಂಗಿದ್ರೆ ಇನ್ನೂ ಒಳ್ಳೇದು. ಹತ್ತು ಜನಕ್ಕೆ ಕಳ್ಸಿ 🙏

ಡಾಕ್ಟ್ರು: ಏರಲ್ಲ. ಮೂಗು ಬಿಟ್ಟ ಹಾಗೆ ಅನ್ಸುತ್ತೆ ಅಷ್ಟೆ. ಕರ್ಪೂರ ನುಂಗಿದ್ರೆ ಫಿಟ್ಸ್ ಬರಬಹುದು. ಒಬ್ರಿಗೂ ಕಳಿಸ್ಬೇಡಿ.

ಬೇಲೂರು ಅಜ್ಜಿ: ಮೊಮ್ಮಗಂಗೆ 3 ವರ್ಷ, ಕರ್ಕೊಂಡು ಹೋಗ್ಬಹುದಾ ಡಾಕ್ಟ್ರೆ?

ಡಾಕ್ಟ್ರು: ಮೂಡಿಗೆರೆಯವ್ರೆ, ನಿಮ್ಮನೆಯವ್ರು ಮಾತ್ರೆ ತಪ್ಪಿಸದಿದ್ರೆ ಸಾಕು. ನಂಗೆ ತಲೆಬಿಸಿ ಆಗಿರೋದು ನಿಮ್ದು. ಕೇದಾರನಾಥ ಸುಮಾರು 3,580 ಮೀಟರ್. ಎರಡ್ನೇ ರಾತ್ರಿ ಕೆಮ್ಮು, ಮಲಗಿದ್ರೆ ಉಸಿರು ಕಟ್ಟೋದು, ಇಳಿದ ಕೂಡ್ಲೇ ವಾಸಿ. ಶೀತ ಬೆಟ್ಟ ಇಳಿದ್ರೆ ಹೋಗಲ್ಲ ಕಣ್ರಿ. ಆಕ್ಸಿಜನ್ ಕಮ್ಮಿ ಆದಾಗ ಶ್ವಾಸಕೋಶದ ರಕ್ತನಾಳ ಬಿಗಿದುಕೊಂಡು, ಒತ್ತಡ ಏರಿ, ಒಳಗೆ ನೀರು ಜಿನುಗುತ್ತೆ, ಹೇಪ್ ಅಂತೀವಿ, ನಿಮ್ಗೆ ಆಗಿದ್ದು ಅದೇ ಇರ್ಬೇಕು. ಒಂದ್ಸಲ ಬಂದೋರು ಅದೇ ಸ್ಪೀಡಲ್ಲಿ ಹತ್ತಿದ್ರೆ ಮತ್ತೆ ಬರೋದು ಜಾಸ್ತಿ. ಮನಾಲಿ 2,050, ಸರ್ಚು 4,290. ಒಂದೇ ದಿನಕ್ಕೆ 2,200 ಮೀಟರ್ ಏರಿ ಅಲ್ಲೇ ಮಲಗ್ತೀರಾ? 3,000 ದಾಟಿದ್ಮೇಲೆ ಮಲಗೋ ಜಾಗ ದಿನಕ್ಕೆ 500ಕ್ಕಿಂತ ಜಾಸ್ತಿ ಏರಬಾರ್ದು. ಸರ್ಚುವಲ್ಲಿ ನಡುರಾತ್ರಿ ಉಸಿರು ಕಟ್ಟಿದ್ರೆ ಯಾವ ಕಡೆ ಓಡ್ತೀರ, ಈ ಕಡೆ ಬಾರಲಾಚಾ, ಆ ಕಡೆ ಲಾಚುಂಗ್, ಎರಡೂ ಇನ್ನೂ ಎತ್ತರದ ಘಾಟಿ, ಇಳೀಬೇಕು ಅಂದ್ರೂ ಮೊದ್ಲು ಹತ್ಬೇಕು. ಶ್ರೀನಗರದ ಕಡೆಯಿಂದ ಹೋಗಿ, ರಾತ್ರಿ ಕಾರ್ಗಿಲ್, ಅದು 2,676, ಆಮೇಲೆ ಲೇಹ್ 3,500, ಅದೂ ನಿಮ್ಗೆ ಜಾಸ್ತೀನೇ, ಅದಕ್ಕೇ ಅಲ್ಲಿ ಮೂರು ರಾತ್ರಿ ಸುಮ್ನೆ ಇರಿ. ಪ್ಯಾಂಗಾಂಗ್‌ನಲ್ಲಿ ಮಲಗೋದು ಬಿಟ್ಬಿಡಿ. ಇದಕ್ಕೆ ಬೇರೆ ಮಾತ್ರೆ ಇದೆ, ಇಲ್ಲಿ ಹೆಸರು ಬರೆದ್ರೆ ನಾಳೆ ಮೆಡಿಕಲ್ ಶಾಪಲ್ಲಿ ಕ್ಯೂ ನಿಲ್ತೀರ, ಬರೆಯಲ್ಲ. ಮೊದ್ಲು ಎಕೋ, ಅಂದ್ರೆ ಹಾರ್ಟ್ ಸ್ಕ್ಯಾನ್, ಮಾಡಿಸ್ಬೇಕು. ಕಫ ಯಾವ ಬಣ್ಣ ಇತ್ತು?

ಹಾಸನ ಬುಲೆಟ್: ಶ್ರೀನಗರ ರೂಟ್ ಬೋರು, ಮನಾಲೀಲೇ ಮಜಾ. ಮಳೇಲಿ ಚಾರ್ಮಾಡಿ ಹತ್ತಿಸಿದೋರಿಗೆ ಇದೆಲ್ಲ ಯಾವ ಲೆಕ್ಕ.

ಸಕಲೇಶಪುರ ಮೇಷ್ಟ್ರು: ನಮ್ಮ ಮುಳ್ಳಯ್ಯನಗಿರಿ ತುದೀನೇ 1,930 ಮೀಟರ್ ಕಣಪ್ಪ, ಮನಾಲಿ ಪೇಟೆಗಿಂತ ಕೆಳಗೆ. ಚಾರ್ಮಾಡಿ ಅಂತೆ.

ಹಾಸನ ಬುಲೆಟ್: ನೀವು ಹೋಗಿದೀರಾ?

ಸಕಲೇಶಪುರ ಮೇಷ್ಟ್ರು: ನಿನ್ ಹಾಗೆ ವಿಮಾನದಲ್ಲಿ ಇಳಿದು ಬಾಡಿಗೆ ಗಾಡಿ ಮೇಲೆ ಫೋಟೋ ತೆಗೆಸ್ಕೊಂಡು ಬಂದಿಲ್ಲ.

ಕಡೂರು ಸ್ವೀಟ್ಸ್: ಇನ್ಸುಲಿನ್ ಎಲ್ಲಿಡೋದು ಸಾರ್? ಡೈಮಾಕ್ಸ್ ಡೋಸ್ ಕೂಡ ಹೇಳಿ.

ಡಾಕ್ಟ್ರು: ಜಾಕೆಟ್ ಒಳಜೇಬಲ್ಲಿ. ರಾತ್ರಿ ಕಾರಲ್ಲಿ ಬಿಟ್ಟು ಹೆಪ್ಪುಗಟ್ಟಿದ್ರೆ ಎಸೀರಿ, ಕರಗಿಸಿ ಚುಚ್ಕೋಬೇಡಿ. ಡೋಸ್ ಮೇಲಿದೆ.

ಅರಸೀಕೆರೆ ಅಂಕಲ್: ಹಸಿ ಬೆಳ್ಳುಳ್ಳಿ ಬಗ್ಗೆನೂ ಒಂದು ಬಂದಿದೆ, ಕಳಿಸ್ಲಾ?

ಡಾಕ್ಟ್ರು: ಬೇಡ.

ಮೂಡಿಗೆರೆ ತೋಟ: ಸಾರ್, ಇವ್ರ ಹೆಂಡ್ತಿ ಬರೀತಿರೋದು. ಆವತ್ತು ಇವ್ರ ಬಿಳಿ ಕರ್ಚೀಫಲ್ಲಿ ತಿಳಿಗೆಂಪು ನೊರೆ ಇತ್ತು. ಎಲೆಅಡಿಕೆ ಕಣೇ ಅಂದ್ರು. ಇವ್ರು ಎಲೆಅಡಿಕೆ ಬಿಟ್ಟು ಆರು ವರ್ಷ ಆಯ್ತು, ನಂಗೂ ಆಗ ಹೊಳೀಲಿಲ್ಲ.

ಡಾಕ್ಟ್ರು: ಅಮ್ಮಾ, ಸರ್ಚು ಬುಕಿಂಗ್ ಇವತ್ತೇ ಕ್ಯಾನ್ಸಲ್ ಮಾಡಿ. ಹೋಗ್ಲೇಬೇಡಿ ಅಂತ ಈಗ್ಲೇ ಹೇಳಲ್ಲ, ನೋಡ್ದೆ ಹೋಗಿ ಅಂತಾನೂ ಹೇಳಲ್ಲ. ಸೋಮವಾರ ಇಬ್ರೂ ಬನ್ನಿ. ನಾನು ಹೊರಟೆ, ಊಟ ಆಗಿಲ್ಲ.

ಹಾಸನ ಬುಲೆಟ್: ನಾನು ಬಾಡಿಗೆ ಗಾಡಿ ತಗೊಂಡಿದ್ದು ಎರಡೇ ದಿನ ಮೇಷ್ಟ್ರೆ, ಗೊತ್ತಿಲ್ದೆ ಮಾತಾಡ್ಬೇಡಿ.