ಅಪ್‌ಡೇಟ್: ವೈಫೈ ಹೆಸರು ಸಿಕ್ಕಿತು, ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ

ಹೋದ ವಾರ ಕೇಳಿದ್ದೆನಲ್ಲ, ಬದಿಯಡ್ಕದ ನಮ್ಮ ಮನೆಗೆ ತಂದ ಹೊಸ ಪ್ರಿಂಟರ್ ವೈಫೈ ಹೆಸರು ಕೇಳುತ್ತಿದೆ, ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಅದನ್ನು ಎಲ್ಲಿ ನೋಡೋದು ಅಂತ? ಕೆಲಸ ಆಯಿತು.

ರೂಟರಿನ ಅಡಿಯ ಚೀಟಿ ನೋಡಿ ಅಂದವರಿಗೆ: ನೋಡಿದೆ, ಪ್ರಯೋಜನ ಆಗಲಿಲ್ಲ. ಕನೆಕ್ಷನ್ ಕೊಡಲು ಬಂದವರು ಹೆಸರು ಬದಲಿಸಿ ಹೋಗಿದ್ದರು. ಪರದೆಯ ಕೆಳಗಿನ ಬಲಮೂಲೆಯ ವೈಫೈ ಚಿಹ್ನೆ ಒತ್ತೋಣ ಅಂದರೆ ಅಲ್ಲಿ ಆ ಚಿಹ್ನೆಯೇ ಇಲ್ಲ! ಕೊನೆಗೆ ಕೆಲಸಕ್ಕೆ ಬಂದದ್ದು ‘ಕೇಬಲ್ ಎಳೆದು ನೋಡಿ’ ಎಂದ ಒಬ್ಬರ ಮಾತು. ನಾನು ಸುಮ್ನೆ ಅಭ್ಯಾಸಬಲದಿಂದ ರೂಟರಿನ ನೆಟ್ ಕೇಬಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿಟ್ಟಿದ್ದೆ, ಅದನ್ನು ಎಳೆದ ತಕ್ಷಣ ವೈಫೈ ತಾನಾಗಿಯೇ ಹಿಡಿದು, ಚಿಹ್ನೆ ಬಂದು, ಒತ್ತಿದರೆ ಹೆಸರೂ ಕಂಡಿತು.

ಆದರೂ ಪ್ರಿಂಟರ್ ಒಪ್ಪಲಿಲ್ಲ. ಆಗ ಇನ್ನೊಬ್ಬರು ಹೇಳಿದ ‘ನೆಟ್‌ಎಸ್‌ಎಚ್ ಡಬ್ಲ್ಯೂಲ್ಯಾನ್ ಶೋ ಇಂಟರ್‌ಫೇಸಸ್’ (netsh wlan show interfaces) ಎಂಬುದನ್ನು ಕಮಾಂಡ್ ಪ್ರಾಂಪ್ಟಿನಲ್ಲಿ (ವಿಂಡೋಸಿಗೆ ಆಜ್ಞೆ ಟೈಪ್ ಮಾಡುವ ಕಿಟಕಿ) ಹೊಡೆದೆ. ಎಸ್‌ಎಸ್‌ಐಡಿ (ಅಂದರೆ ವೈಫೈ ಹೆಸರು) ಸಾಲಿನಲ್ಲಿ ಅದೇ ಹೆಸರು, ಚಾನೆಲ್ ಮಾತ್ರ 44. ಅಂದರೆ ಲ್ಯಾಪ್‌ಟಾಪ್ ಹಿಡಿದದ್ದು 5 ಗಿಗಾಹರ್ಟ್ಸ್ ತರಂಗದ ವೈಫೈ, ನಮ್ಮ ಪ್ರಿಂಟರಿಗೆ ಬರುವುದು 2.4 ಗಿಗಾಹರ್ಟ್ಸಿನದು ಮಾತ್ರ! ಒಂದೇ ರೂಟರಿಗೆ ಹೀಗೆ ಎರಡು ತರಂಗಕ್ಕೆ ಎರಡು ಹೆಸರು ಇರಬಹುದು ಅಂತ ಗೊತ್ತೇ ಇರಲಿಲ್ಲ. ವೈಫೈ ಪಟ್ಟಿಯಲ್ಲಿದ್ದ ನಮ್ಮ ರೂಟರಿನ ಇನ್ನೊಂದು ಹೆಸರು ಪ್ರಿಂಟರಿಗೆ ಕೊಟ್ಟೆ, ಅದೇ ಪಾಸ್‌ವರ್ಡ್, ಸೇರಿಕೊಂಡಿತು. ದೊಡ್ಡಕ್ಷರ, ಸಣ್ಣಕ್ಷರ ಮಾತ್ರ ಇದ್ದ ಹಾಗೆಯೇ ಹೊಡೆಯಬೇಕು.