ಕುಂಕುಮ ಹಚ್ಚಿದ ಗನ್ನು

ನಮ್ಮ ಮನೆ ಮಂದಿಯ ವಾಟ್ಸಾಪ್ ಗುಂಪಿನಲ್ಲಿ ಮೂವತ್ತೊಂದು ಜನ ಇದ್ದೇವೆ. ಬೆಳಗಿನ ಶುಭೋದಯ, ಯಾರದೋ ನಾಮಕರಣದ ಫೋಟೊ ಬಿಟ್ಟರೆ ಬೇರೇನೂ ಬರಲ್ಲ. ಈ ಸಲ ಆಯುಧಪೂಜೆ ದಿನ ಮಾತ್ರ ರಾತ್ರಿ ಹನ್ನೊಂದರವರೆಗೆ ಜಗಳ ನಡೆಯಿತು. ಮಾವನನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. "ಹೆಸರು ಬೇಡ, ಅಂಗಡಿ ಬೋರ್ಡೂ ಬೇಡ" ಅಂದಿದ್ದಾರೆ.

ಶುರುವಾಗಿದ್ದು ಮಾವ ಹಾಕಿದ ವಿಡಿಯೊದಿಂದ. ದಾವಣಗೆರೆ ಬೈಪಾಸ್ ಪಕ್ಕ ಅವರದು ಲಾರಿ ಟೈರ್ ಅಂಗಡಿ. ಕಂಪ್ರೆಸರ್‌ಗೆ ಬಾಳೆಕಂದು, ಚೆಂಡುಹೂವಿನ ಹಾರ. ಗಾಳಿಯಿಂದ ವೀಲ್ ನಟ್ಟು ಬಿಚ್ಚೋ ಇಂಪ್ಯಾಕ್ಟ್ ಗನ್ನಿಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಮಂಡಕ್ಕಿ ಹಂಚಿ ಆದ ಮೇಲೆ ಮಾವನ ಮಗ ಪುಟ್ಟ ಅಂಗಿ ಮೇಲೆ ಉದುರಿದ ಕುಂಕುಮವನ್ನು ಗಾಳಿ ಪೈಪಿನಿಂದ ಹೊಡೆದುಕೊಳ್ಳುತ್ತಾನೆ. ತಲೆಗೂದಲಿಗೂ ಒಂದು ಸಲ. ಆಮೇಲೆ ಪಕ್ಕದಲ್ಲಿದ್ದ ಕೆಲಸದ ಹುಡುಗನ ಕಿವಿ ಹತ್ತಿರ ಪುಸ್ ಅಂತ ಬಿಡುತ್ತಾನೆ. ಹುಡುಗ ಹಾರಿ ಬೀಳುತ್ತಾನೆ. ಎಲ್ಲರೂ ನಗುತ್ತಾರೆ. ಅಷ್ಟೇ ವಿಡಿಯೊ.

ಅಮ್ಮ: ಪೂಜೆ ಚೆನ್ನಾಗಾಗಿದೆ ಕಣೋ. ಹೂವು ಮಾರಿಗೆ ಎಷ್ಟು ಕೊಟ್ಟೆ?

ಮಾವ: ನೂರಿಪ್ಪತ್ತು ಅಕ್ಕ. ಹಬ್ಬ ಅಂದ್ರೆ ಸುಲಿಗೆ.

ನಾನು: ಮಾವ, ಪೂಜೆ ಚೆನ್ನಾಗಿದೆ. ಆದರೆ ಪುಟ್ಟ ಗಾಳಿಯನ್ನ ಮೈಗೆ ಹೊಡ್ಕೊಳ್ಳೋದು ಬಿಡಿಸಿ. ಕಿವಿ ಹತ್ತಿರ ಬಿಟ್ಟಿದ್ದಂತೂ ಸರಿಯಿಲ್ಲ.

ಪುಟ್ಟ: ಅಕ್ಕಾ, ಹಬ್ಬದ ದಿನಾನೂ ಸೇಫ್ಟಿ ಕ್ಲಾಸಾ?

ಮಾವ: ಗಾಳಿ ತಾನೇ ಕಣಮ್ಮ. ಬೆಂಕಿ ಅಲ್ಲ, ಕರೆಂಟ್ ಅಲ್ಲ. ಈ ಬೈಪಾಸಿನ ಯಾವ ಅಂಗಡಿಗೆ ಬೇಕಾದ್ರೂ ಹೋಗು, ಸಂಜೆ ಎಲ್ರೂ ಹಿಂಗೇ ಧೂಳು ಹೊಡ್ಕೊಂಡೇ ಮನೆಗೆ ಹೋಗೋದು.

ಅದು ನಿಜ. ಎಲ್ಲರೂ ಹಾಗೇ ಮಾಡುತ್ತಾರೆ. ನಾನು ಹರಿಹರದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಆರು ವರ್ಷದಿಂದ ಇದ್ದೇನೆ. ಗಾಳಿ ಟೂಲುಗಳನ್ನು ಬಿಚ್ಚಿ ಜೋಡಿಸೋದೇ ನನ್ನ ಕೆಲಸ. ಅಲ್ಲೂ ಹೊಸಬರು ಮೊದಲ ವಾರ ಇದನ್ನೇ ಮಾಡುತ್ತಾರೆ. "ಗಾಳಿ ತಾನೇ" ಅನ್ನೋ ಮಾತನ್ನ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ.

ನಾನು: ಕಂಪ್ರೆಸರ್ ಟ್ಯಾಂಕಿನ ಪ್ರೆಷರ್ ಮೀಟರ್ ಎಷ್ಟು ತೋರಿಸ್ತಿದೆ ಮಾವ?

ಮಾವ: ನೂರೈವತ್ತು ಪೌಂಡ್. (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನೋ ಒತ್ತಡದ ಲೆಕ್ಕ ಇದು.)

ನಾನು: ಅಮೆರಿಕದಲ್ಲಿ ಗಾಳಿಯಿಂದ ಮಷಿನ್ ಒರೆಸೋಕೂ ನಳಿಕೆ ತುದಿಯಲ್ಲಿ 30 ಪೌಂಡ್ ದಾಟಬಾರದು ಅಂತ ಕಾನೂನಿದೆ. ಅದೂ ಚೂರು ಮುಖಕ್ಕೆ ಹಾರದ ಹಾಗೆ ಅಡ್ಡ ಇಟ್ಟು. ನೀವು ಮಗನ ಎದೆಗೆ ನೂರೈವತ್ತರ ಲೈನಿನಿಂದ ಬಿಡಿಸ್ತಿದ್ದೀರಿ.

ಮಾವ: ಅಮೆರಿಕ ಅಮೆರಿಕದಲ್ಲೇ ಇರ್ಲಿ.

ಚಿಕ್ಕಮ್ಮ ದಾವಣಗೆರೆಯಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸ್. ಗುಂಪಿನಲ್ಲಿ ಬರೆಯೋದೇ ಅಪರೂಪ.

ಚಿಕ್ಕಮ್ಮ: ಅಣ್ಣಾ, ಕೈ ಮೇಲೆ ಒಂದು ಸಣ್ಣ ಗೀರು ಇದ್ರೂ ಸಾಕು, ಆ ಗಾಳಿ ಚರ್ಮದ ಕೆಳಗೆ ನುಗ್ಗುತ್ತೆ. ಕೈ ಊದುತ್ತೆ. ಬೆರಳಿಂದ ಒತ್ತಿದ್ರೆ ಒಳಗೆ ಹಪ್ಪಳ ಮುರಿದ ಹಾಗೆ ಚರಚರ ಅನ್ನುತ್ತೆ. ರಕ್ತನಾಳಕ್ಕೆ ಹೋದ್ರೆ ಜೀವಕ್ಕೇ ಕುತ್ತು. ಕಿವಿ ತಮಟೆಯಂತೂ ಕಾಗದ ಇದ್ದ ಹಾಗೆ.

ಪುಟ್ಟ: ಅತ್ತೆ, ದೂರದಿಂದ ಬಿಟ್ಟಿದ್ದು. ಸುಮ್ನೆ ತಮಾಷೆಗೆ.

ನಾನು: 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಬೈಕ್ ಸರ್ವೀಸ್ ಸೆಂಟರಿನಲ್ಲಿ ಆಗಿದ್ದೂ ತಮಾಷೆಯೇ ಪುಟ್ಟ. ಗೆಳೆಯನೇ ಗುದದ್ವಾರಕ್ಕೆ ಗಾಳಿ ಬಿಟ್ಟ. ಕರುಳು ಒಡೆದು ಹುಡುಗ ಸತ್ತ. ಪೇಪರಿನಲ್ಲೆಲ್ಲ ಬಂದಿತ್ತು.

ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ.

ಮಾವ: ಅದು ಮಾಡಬಾರದ್ದು ಮಾಡಿದ್ದು. ನಮ್ಮಂಗಡಿಯಲ್ಲಿ ಮೂವತ್ತು ವರ್ಷದಲ್ಲಿ ಒಂದು ತೊಟ್ಟು ರಕ್ತ ಬಿದ್ದಿಲ್ಲ.

ಅತ್ತೆ: ರೀ, ಹುಬ್ಬಿನ ಮೇಲಿನ ಮೂರು ಹೊಲಿಗೆ ಯಾರದ್ದು?

ಮಾವ: ಅದು ಬಾಗಿಲು ತಗುಲಿದ್ದು.

ಅತ್ತೆ: ಬಾಗಿಲು ಅಂತ ಎಲ್ರಿಗೂ ಹೇಳಿದ್ರಿ. ಅಂಗಿ ಒಗೆದವಳು ನಾನು. ಜೇಬಲ್ಲಿ ಸಾಕೆಟ್ ಚೂರಿತ್ತು.

ಗುಂಪು ನಕ್ಕಿತು. ನನಗೆ ನಗು ಬರಲಿಲ್ಲ. ಇನ್ನೊಂದಿಂಚು ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಸಾಕೆಟ್ ಅಂದರೆ ನಟ್ಟಿನ ಮೇಲೆ ಕೂರೋ ಉಕ್ಕಿನ ಟೊಪ್ಪಿ. ಕೈಯಲ್ಲಿ ತಿರುಗಿಸೋದಕ್ಕೆ ಮಾಡಿದ ಹೊಳೆಯುವ ಸಾಕೆಟ್ಟನ್ನ ಗನ್ನಿಗೆ ಹಾಕಿದರೆ ಹೀಗೇ ಆಗೋದು. ಅದರ ಉಕ್ಕು ಗಡಸು, ಹೊಡೆತ ಬಿದ್ದಾಗ ಗಾಜಿನ ಹಾಗೆ ಸಿಡಿಯುತ್ತೆ. ಗನ್ನಿಗೆ ಅಂತಲೇ ಕಪ್ಪು ಸಾಕೆಟ್ ಬರುತ್ತೆ. ಗೋಡೆ ದಪ್ಪ, ಉಕ್ಕೇ ಬೇರೆ, ಏಟು ತಡೆದುಕೊಳ್ಳುತ್ತೆ. ಇದನ್ನೇ ಗುಂಪಿನಲ್ಲೂ ಹಾಕಿದೆ.

ಮಾವ: ಈಗ ಕಪ್ಪದ್ದೇ ಇಟ್ಟಿರೋದು. ಕನ್ನಡಕ ಮಾತ್ರ ಆಗಲ್ಲ ಕಣಮ್ಮ. ಏಪ್ರಿಲ್‌ನಲ್ಲಿ ಒಂದ್ಸಲ ಬಂದು ಬೈಪಾಸಲ್ಲಿ ನಿಂತ್ಕೊ. ಹತ್ತು ನಿಮಿಷಕ್ಕೆ ಬೆವರಿಗೆ ಮಂಜು ಹಿಡಿಯುತ್ತೆ. ನಟ್ಟೇ ಕಾಣಲ್ಲ. ಆ ಕಡೆ ಡ್ರೈವರ್ ಹಾರ್ನ್ ಹೊಡೀತಿರ್ತಾನೆ. ನಿಮ್ಮದು ಫ್ಯಾನ್ ಕೆಳಗಿನ ಕೆಲಸ.

ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಮುಖಕ್ಕೆ ಅಂಟಿಕೊಳ್ಳೋ ಗಾಗಲ್ಸ್ ನಿಜವಾಗಿಯೂ ಮಂಜು ಹಿಡಿಯುತ್ತೆ. ಪಕ್ಕಕ್ಕೆ ಅಡ್ಡ ಇರೋ, ಗಾಳಿ ಆಡೋ ಸಾದಾ ಸೇಫ್ಟಿ ಕನ್ನಡಕ ಆದರೂ ಹಾಕಿಸಿ, ಇಲ್ಲದ್ದಕ್ಕಿಂತ ಸಾವಿರ ಪಾಲು ವಾಸಿ ಅಂದೆ. ಮಾವ ಹೆಬ್ಬೆಟ್ಟು ಕೂಡ ಒತ್ತಲಿಲ್ಲ.

ಮಾವ: ಅಷ್ಟು ಗೊತ್ತಿದ್ರೆ ಇದು ಹೇಳು. ನಮ್ಮ ಒಂದಿಂಚಿನ ಗನ್ನು ಬಡವಾಗಿದೆ. ಮುಂಚೆ ಒಂದೇ ಏಟಿಗೆ ಬಿಡ್ತಿದ್ದ ವೀಲ್ ನಟ್ಟು ಈಗ ಡಗಡಗ ಅಂತ ಅಲ್ಲೇ ಕುಂತಿರುತ್ತೆ. ಅದಕ್ಕೇ ಪ್ರೆಷರ್ ಏರಿಸಿದ್ದು. ಹೊಸ ಗನ್ನು ತಗೋಬೇಕೇನೋ.

ಪುಟ್ಟ: ಅಪ್ಪ ಎರಡು ಸಲ ಏರಿಸಿದ್ರು ಅಕ್ಕ.

ನಾನು: ಟ್ಯಾಂಕಿನ ನೀರು ಯಾವಾಗ ಬಿಟ್ಟಿದ್ದು?

ಮಾವ: ಟ್ಯಾಂಕಲ್ಲಿ ಎಲ್ಲಿಯ ನೀರು? ಗಾಳಿ ಇರೋದು.

ನಾನು: ಗನ್ನಿಗೆ ಎಣ್ಣೆ?

ಪುಟ್ಟ: ಮೊನ್ನೆ ಲಾರಿಯಿಂದ ಇಳಿಸಿದ ಎಂಜಿನ್ ಆಯಿಲ್ ಸ್ವಲ್ಪ ಬಿಟ್ಟಿದ್ದೆ.

ಫೋನ್ ಪಕ್ಕಕ್ಕಿಟ್ಟು ಒಂದು ಲೋಟ ನೀರು ಕುಡಿದು ಬಂದೆ. ಆಮೇಲೆ ಉದ್ದಕ್ಕೆ ಬರೆದೆ.

ನಾನು: ಮಾವ, ಗಾಳಿಯನ್ನ ಒತ್ತಿದಾಗ ಅದರಲ್ಲಿರೋ ತೇವ ನೀರಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತೆ. ಮಳೆಗಾಲದಲ್ಲಂತೂ ಜಾಸ್ತಿ. ಅದು ದಿನಾ ಬಿಡಬೇಕಾದ ನೀರು. ಬಿಡದಿದ್ರೆ ಟ್ಯಾಂಕ್ ಒಳಗಿಂದ ತುಕ್ಕು ಹಿಡಿದು ತೆಳ್ಳಗಾಗುತ್ತೆ. ಹೊರಗಿನ ಬಣ್ಣ ಮಾತ್ರ ಹೊಸದರ ಹಾಗೇ ಇರುತ್ತೆ. ನೀವು ಅಂಥ ಟ್ಯಾಂಕಿಗೆ ಪ್ರೆಷರ್ ಏರಿಸಿದ್ದೀರಿ. ಆ ನೀರು, ತುಕ್ಕು ಪೈಪಿನ ಮೂಲಕ ಗನ್ನಿಗೂ ಹೋಗುತ್ತೆ. ಗನ್ನಿನೊಳಗೆ ಒಂದು ರೋಟರ್ ಇದೆ, ಅದರ ಸೀಳುಗಳಲ್ಲಿ ತೆಳ್ಳನೆ ಪಟ್ಟಿಗಳು. ಗಾಳಿ ಆ ಪಟ್ಟಿಗಳನ್ನ ತಳ್ಳಿದಾಗಲೇ ಗನ್ನು ತಿರುಗೋದು. ತುಕ್ಕು, ಹಳೇ ಎಂಜಿನ್ ಆಯಿಲ್ ಸೇರಿ ಅಂಟಾದ್ರೆ ಪಟ್ಟಿ ಸೀಳಲ್ಲೇ ಕಚ್ಕೊಳ್ಳುತ್ತೆ. ಹೊರಗೇ ಬರಲ್ಲ. ಗಾಳಿ ಪಕ್ಕದಿಂದ ಜಾರಿ ಹೋಗುತ್ತೆ. ಆಗ ನೂರೈವತ್ತಲ್ಲ, ಇನ್ನೂರು ಕೊಟ್ರೂ ಅಷ್ಟೇ. ಸಾಮಾನ್ಯವಾಗಿ ಗಾಳಿ ಟೂಲುಗಳನ್ನ ಮಾಡಿರೋದೇ 90 ಪೌಂಡಿಗೆ. ಜಾಸ್ತಿ ಕೊಟ್ರೆ ಒಳಗಿನ ಸುತ್ತಿಗೆ ಬೇಗ ಸವೆಯುತ್ತೆ. ಗ್ರೈಂಡರ್ ಆದ್ರೆ ವೇಗ ಏರಿ, ಕಲ್ಲಿನ ಮೇಲೆ ಬರೆದಿರೋ ಮಿತಿ ದಾಟಿ ಕಲ್ಲೇ ಸಿಡಿಯಬಹುದು.

ಮಾವ: ಲಾರಿ ಟೈರಿಗೇ ನೂರಿಪ್ಪತ್ತು ಬೇಕು. ತೊಂಬತ್ತಕ್ಕೆ ಇಳಿಸಿ ಟೈರಿಗೆ ಬಾಯಲ್ಲಿ ಊದ್ಲಾ?

ಇದು ಒಳ್ಳೆ ಪ್ರಶ್ನೆ. ಕಾರ್ಖಾನೆಯವರಿಗೆ ಹೊಳೆಯದ ಪ್ರಶ್ನೆ.

ನಾನು: ಟ್ಯಾಂಕ್ ಹಾಗೇ ಇರ್ಲಿ, ಅದರ ಪ್ಲೇಟ್ ಮೇಲೆ ಬರೆದಿರೋ ಮಿತಿ ದಾಟದಿದ್ರೆ ಸಾಕು. ಗನ್ನಿಗೆ ಹೋಗೋ ಲೈನಿಗೆ ಮಾತ್ರ ಪ್ರೆಷರ್ ಇಳಿಸೋ ಒಂದು ರೆಗ್ಯುಲೇಟರ್ ಹಾಕಿ. ನೀರು ಹಿಡಿಯೋ ಫಿಲ್ಟರ್, ಎಣ್ಣೆ ತೊಟ್ಟಿಕ್ಕಿಸೋ ಬಟ್ಟಲು ಮೂರೂ ಸೇರಿ ಒಂದೇ ಸೆಟ್ ಬರುತ್ತೆ. ಗನ್ನು ಓಡುತ್ತಿರುವಾಗ ತೊಂಬತ್ತು ತೋರಿಸಬೇಕು. ನಿಂತಾಗ ನೋಡಿದ್ರೆ ಲೆಕ್ಕ ತಪ್ಪುತ್ತೆ.

ಮಾವ: ಎಣ್ಣೆ ಯಾವುದು?

ನಾನು: ಏರ್ ಟೂಲ್ ಆಯಿಲ್ ಅಂತಲೇ ಕೇಳಿ. ತೆಳ್ಳಗಿರುತ್ತೆ, 32 ನಂಬರ್. ಬೆಳಗ್ಗೆ ಪೈಪು ಸಿಕ್ಕಿಸೋ ಮುಂಚೆ ಗಾಳಿ ಬರೋ ತೂತಿಗೆ ನಾಲ್ಕೈದು ಹನಿ.

ಅತ್ತೆ: ಆ ತೂತಿಗೇ ಇವತ್ತು ಇವರು ಕುಂಕುಮ ಮೆತ್ತಿದ್ದಾರೆ.

ಮಾವ: ನಾಳೆ ನೋಡೋಣ. ಪೂಜೆ ಮಾಡಿದ ಆಯುಧ ಇವತ್ತು ಮುಟ್ಟಬಾರದು.

ಅತ್ತೆ: ಮತ್ತೆ ನಿಮ್ಮ ಮಗ ಗಾಳಿ ಹೊಡ್ಕೊಂಡಿದ್ದು?

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಹತ್ತೂವರೆಗೆ ಚಿತ್ರದುರ್ಗದಿಂದ ದೊಡ್ಡಪ್ಪನ ವಾಯ್ಸ್ ಮೆಸೇಜ್ ಬಂತು. ದೊಡ್ಡಪ್ಪ ಯಾವಾಗಲೂ ವಾಯ್ಸೇ ಕಳಿಸೋದು. ಕನ್ನಡ ಟೈಪ್ ಮಾಡೋಕೆ ಬರಲ್ಲ ಅಂತ ನಾವೆಲ್ಲ ರೇಗಿಸುತ್ತಿದ್ದೆವು.

ದೊಡ್ಡಪ್ಪ: ನೀವು ಕಣ್ಣು, ಕಿವಿ ಮಾತಾಡಿದ್ರಿ. ಕೈ ಯಾರೂ ಮಾತಾಡಲಿಲ್ಲ. ನಾನು ಕಲ್ಲು ಕ್ವಾರಿಯಲ್ಲಿ ಇಪ್ಪತ್ತೆರಡು ವರ್ಷ ಜಾಕ್ ಹ್ಯಾಮರ್ ಹಿಡಿದವನು. ಬೆಳಗ್ಗೆ ಎದ್ರೆ ಬೆರಳು ನನ್ನದಲ್ಲ. ಅಂಗಿ ಗುಂಡಿ ನಿಮ್ಮ ದೊಡ್ಡಮ್ಮ ಹಾಕ್ತಾಳೆ. ಫೋನಿನ ಮೇಲೆ ಒತ್ತಿದ್ರೆ ಒತ್ತಿದ್ದೇ ಗೊತ್ತಾಗಲ್ಲ, ಅದಕ್ಕೇ ಮಾತಾಡಿ ಕಳಿಸೋದು. ಆಗ ನಮಗ್ಯಾರೂ ಹೇಳಲಿಲ್ಲ. ಸಂಜೆ ಜೋಮು ಹಿಡಿದ್ರೆ ಬಿಸಿನೀರಲ್ಲಿ ಅದ್ದಿ ಮತ್ತೆ ಬೆಳಗ್ಗೆ ಹೋಗೋದು, ಅಷ್ಟೇ.

ಇದನ್ನ ನಾನು ಮೂರು ಸಲ ಕೇಳಿಸಿಕೊಂಡೆ. ಗಾಳಿ ಸುತ್ತಿಗೆಯ ನಡುಕದಿಂದ ಬೆರಳು ಸಾಯುತ್ತೆ ಅನ್ನೋದು ಹೊಸ ವಿಷಯವೇ ಅಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್‌ನಲ್ಲಿ ಸುಣ್ಣಕಲ್ಲು ಕೆತ್ತುವವರ ಕೈಗಳನ್ನು ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ 1918ರಲ್ಲೇ ಪರೀಕ್ಷೆ ಮಾಡಿ ಬರೆದಿದ್ದರು. ಅಲ್ಲಿನ ಚಳಿಗೆ ಬೆರಳು ಮೇಣದ ಹಾಗೆ ಬೆಳ್ಳಗಾಗುತ್ತಿತ್ತು. ನಮ್ಮ ಬಿಸಿಲಲ್ಲಿ ಬಿಳಿ ಅಷ್ಟಾಗಿ ಕಾಣಲ್ಲ, ಬರೀ ಜೋಮು ಅನ್ನಿಸುತ್ತೆ. ಹಾಗಾಗಿ ಯಾರೂ ಗಮನಿಸಲ್ಲ. ಓದಿ ಗೊತ್ತಿದ್ದ ನಾನೂ ದೊಡ್ಡಪ್ಪನ ವಾಯ್ಸ್ ಮೆಸೇಜಿಗೆ ಇಷ್ಟು ವರ್ಷ ನಕ್ಕಿದ್ದೆ.

ಮಾವ: ಭಾವ, ಇದು ನಮಗೆ ಗೊತ್ತೇ ಇರಲಿಲ್ಲ.

ದೊಡ್ಡಪ್ಪ: ಹುಡುಗರ ಕೈಗೆ ದಿನವಿಡೀ ಗನ್ನು ಕೊಡಬೇಡ. ಅವನು ಸ್ವಲ್ಪ, ಇವನು ಸ್ವಲ್ಪ. ಹ್ಯಾಂಡಲ್ ಬಿಗಿಯಾಗಿ ಅಮುಕಿ ಹಿಡೀಬಾರದು, ಟೂಲೇ ಕೆಲಸ ಮಾಡ್ಲಿ. ಸವೆದ ಟೂಲು ಜಾಸ್ತಿ ನಡುಗುತ್ತೆ, ಅದನ್ನ ಮೊದಲು ರಿಪೇರಿ ಮಾಡಿಸು.

ಮಾರನೇ ದಿನ ವಿಜಯದಶಮಿ. ಬೆಳಗ್ಗೆಯಿಂದ ಗುಂಪಿನ ತುಂಬ ಬನ್ನಿ ಎಲೆ, ಬಂಗಾರದ ಹಾಗಿರೋಣ ಅನ್ನೋ ಶುಭಾಶಯ. ಅದರ ನಡುವೆ ಎಂಟು ಗಂಟೆಗೆ ಮಾವನ ಹೊಸ ವಿಡಿಯೊ. ಮಾತಿಲ್ಲ. ಟ್ಯಾಂಕಿನ ಗಾಳಿ ಇಳಿಸಿ, ಕೆಳಗಿನ ಕಾಕ್ ನಿಧಾನಕ್ಕೆ ತಿರುವುತ್ತಿದ್ದಾರೆ. ಮೊದಲು ಬುಸ್ ಅಂತ ಮಂಜು, ಆಮೇಲೆ ಕೆಮ್ಮಣ್ಣಿನ ನೀರು. ನಿಲ್ಲುತ್ತಲೇ ಇಲ್ಲ. ಬಕೆಟ್ಟಿನ ಮುಕ್ಕಾಲು ತುಂಬಿತು.

ಅತ್ತೆ: ಅದು ಪಾತ್ರೆ ತೊಳೆಯೋ ಬಕೆಟ್ಟು.

ಮಾವ: ಎಲ್ಲಿಯ ನೀರು ಅಂದಿದ್ದೆ. ಇಷ್ಟು ನೀರು. ಮುಂದೇನು?

ನಾನು: ಸೇಫ್ಟಿ ವಾಲ್ವಿನ ಉಂಗುರ ಎಳೆದು ಗಾಳಿ ಬಿಡುತ್ತಾ ನೋಡಿ. ಆ ಟ್ಯಾಂಕನ್ನ ಒಮ್ಮೆ ಪರೀಕ್ಷೆ ಮಾಡಿಸೋವರೆಗೆ ಪೂರ್ತಿ ಪ್ರೆಷರ್ ಕೊಡಬೇಡಿ. ವಿಡಿಯೊದಲ್ಲಿ ಹಿಂದೆ ಗೋಡೆಗೆ ಪಿವಿಸಿ ಪೈಪು ಕಾಣುತ್ತಿದೆ. ಗಾಳಿಗೆ ಅದು ಬೇಡ ಮಾವ. ನೀರಿನ ಪೈಪು ಒಡೆದ್ರೆ ಸೋರುತ್ತೆ, ಗಾಳಿಯ ಪಿವಿಸಿ ಒಡೆದ್ರೆ ಚೂರು ಗುಂಡಿನ ಹಾಗೆ ಹಾರುತ್ತೆ.

ಮಾವ: ನಿಂಗೆ ಒಂದು ಕೊಟ್ರೆ ಇನ್ನೊಂದು ಕೇಳ್ತೀಯ. ಪೈಪು ದೀಪಾವಳಿಗೆ.

ಪೈಪಿನ ಜಗಳ ಇನ್ನೂ ಇದೆ. ಅವತ್ತು ನಾನು ಒತ್ತಾಯ ಮಾಡಲಿಲ್ಲ. ಅಷ್ಟರಲ್ಲಿ ಅಜ್ಜಿಯ ವಾಯ್ಸ್ ಬಂತು. ಅಜ್ಜಿಗೆ ಗುಂಪಿನ ಮೆಸೇಜುಗಳನ್ನ ಅಮ್ಮ ಓದಿ ಹೇಳುತ್ತಾಳೆ.

ಅಜ್ಜಿ: ಎಲ್ಲ ಸರಿ ಕಣಪ್ಪ. ಕಿವಿಗೆ ಗಾಳಿ ಬಿಟ್ರಲ್ಲ, ಆ ಹುಡುಗ ಹೆಂಗಿದಾನೆ?

ಹದಿನೈದು ಗಂಟೆ ಜಗಳ ಆಡಿದ ಮೂವತ್ತೊಂದು ಜನರಲ್ಲಿ ಇದನ್ನ ಯಾರೂ ಕೇಳಿರಲಿಲ್ಲ. ನಾನೂ. ಆ ಹುಡುಗ ನಮ್ಮ ಗುಂಪಿನಲ್ಲಿಲ್ಲ. ಪುಟ್ಟ ಬರೆಯುತ್ತಿದ್ದಾನೆ ಅಂತ ತೋರಿಸಿತು, ನಿಂತಿತು, ಮತ್ತೆ ತೋರಿಸಿತು.

ಪುಟ್ಟ: ರಾತ್ರಿಯೆಲ್ಲ ಗುಯ್ ಅಂತಿತ್ತಂತೆ ಅಜ್ಜಿ. ಈಗ ಸ್ವಲ್ಪ ಕಮ್ಮಿಯಂತೆ. ಅತ್ತೆ, ಇವತ್ತು ನಿಮ್ಮ ಡ್ಯೂಟಿ ಎಷ್ಟು ಗಂಟೆಗೆ? ಕರ್ಕೊಂಡು ಬರ್ತೀನಿ.